ಗುರುವಾರದ ಮಟಾ ಇದ್ದ ಮುಖಾ

ನಮ್ಮ ಆಯಿ, ಅಂದ್ರ ಅಪ್ಪನ ಅವ್ವ ಜಿನಮತಿ, ಚಾತುರ್ಮಾಸ ಬಂತಂದ್ರ ವ್ರತಾ ಹಿಡೀತಾಳ. ನಾಕ ತಿಂಗಳ ದೂಧಗಂಗಾ ಹೊಳಿ ದಾಟೂದಿಲ್ಲ. ಆಚೀ ದಂಡ್ಯಾಗ ಬಂಗಾರ ಹಂಚಿದ್ರೂ ಏಕಸಂಬಿ ಬಿಟ್ಟ ಅಲುಗೂದಿಲ್ಲ. "ಆಯಿ, ಹೊಳೀನ ಏರಿ ಬಂದ ನಿನ್ನ ದಾಟಿದ್ರ?" ಅಂತ ಒಮ್ಮೆ ಕೇಳಿದ್ದೆ. "ನನ್ನ ವ್ರತಾ ನನಗ. ಮೊದಲ ನಿನ್ನ ಬಾಯಿಗೊಂದ ವ್ರತಾ ಬೇಕಾಗೇತಿ" ಅಂದಿದ್ಲು.

ಎಂಬತ್ತೇಳರ ಮಳಿಗಾಲದಾಗ, ವ್ರತಾ ಹಿಡದ ಮ್ಯಾಲ ಹೊಳಿ ಆಚೀ ಕೊಲ್ಲಾಪುರದಿಂದ ನಿರೋಪ ಬಂತು. ಆಯಿಯ ಅಣ್ಣ ಭಾವುಸಾಹೇಬ ಅಲ್ಲಿ ಪಿಚ್ಚರ್ ಟಾಕೀಜಿಗೆ ಬ್ಯಾನರ್ ಬರೀತಿದ್ದ. "ಅವ್ವನ ಮುಖಾ ಕಡೀಕ ಕೈಗೆ ಬಂತು. ಗುರುವಾರದ ಮಟಾ ಇರತೈತಿ, ಬಂದ ನೋಡು" ಅಂತ ಹೇಳಿ ಕಳಿಸಿದ್ದ. ಅವರವ್ವ ಸತ್ತಾಗ ಆಯಿ ತೊಟ್ಟಲದಾಗಿದ್ಲು. ಫೋಟೋ ಇಲ್ಲ, ಏನಿಲ್ಲ. ಅರವತ್ತ ದಾಟಿದಾಕಿ, ತನ್ನ ಹಡದವ್ವ ಹೆಂಗಿದ್ಲು ಅಂತ ಗೊತ್ತಿಲ್ಲ.

ಆಯಿ ವ್ರತಾನೂ ಬಿಡವಲ್ಲಳು, ನಿರೋಪಾನೂ ಬಿಡವಲ್ಲಳು. ಬುಧವಾರ ನನ್ನ ಕರದ್ಲು.

"ಶ್ರೀಪಾಲಾ, ನಾಳೆ ನೀ ಹೋಗು. ಸೀದಾ ನಮ್ಮಣ್ಣನ ಕಡೆ ಹೋಗು. ನೀ ಹೆಂಗೂ ಊರ ಮಂದೀದೆಲ್ಲಾ ಮುಖಾ ಮಾಡಿ ಅಣಕಸ್ತಿ. ನಮ್ಮವ್ವನದೂ ಚಂದಂಗ ನೋಡ್ಕೊಂಡ ಬಾ. ಬಂದ ಮಾಡಿ ತೋರ್ಸು. ನೋಡೇ ಉಣ್ತೀನಿ."

ನಾ ಎದಿ ಮ್ಯಾಲ ಕೈ ಇಟ್ಟೆ. "ಸೂರ್ಯ ಪಶ್ಚಿಮಕ್ಕ ಹುಟ್ಟಿದ್ರೂ ಈ ಶ್ರೀಪಾಲ ಮಾತ ತಪ್ಪಾಂವಲ್ಲ!"

"ಅಂವ ಎಲ್ಲೆರೆ ಹುಟ್ಟಲಿ. ಮುಣಗೂದ್ರಾಗ ನೀ ಬಾ, ಸಾಕ."

ನಾವು ಜೈನರು; ಹೊತ್ತ ಮುಣಗಿದ ಮ್ಯಾಲ ಆಯಿ ನೀರೂ ಮುಟ್ಟೂದಿಲ್ಲ.

ನಿಪ್ಪಾಣಿಯಾಗ ಬಸ್ ಬದಲಿಸಿ ಕೊಲ್ಲಾಪುರದಾಗ ಇಳದೆ. ಒಬ್ಬನ ಹೋಗಿದ್ದು ಅದ ಮೊದಲ. ಮಳಿ ಹೆಂಗಿತ್ತಂದ್ರ, ಹೀರೋಯಿನ್ ಒಬ್ಬಾಕಿ ಕಡಿಮಿ ಇದ್ಲು, ಉಳಕಿದ್ದೆಲ್ಲಾ ಹಾಡಿನ ಸೀನ್. ಭಾವು ಅಜ್ಜನ ಬ್ಯಾನರ್ ಬರಿಯೂ ಶೆಡ್ ಎಲ್ಲಿಗೆ ಓಡಿ ಹೋಗತೈತಿ ಅಂತ ಊರ ನೋಡಾಕ ಹೊಂಟೆ. ಕುಂಬಾರ ಗಲ್ಲಿಯಾಗ ಗಣಪತಿಗೋಳು ಪ್ಲಾಸ್ಟಿಕ್ ಹಾಳಿ ಹೊದ್ದಕೊಂಡ ಕುಂತಿದ್ವು, ಇನ್ನಾ ಕಣ್ಣ ಬರದಿರಲಿಲ್ಲ. ರಂಕಾಳ ಕೆರಿ ದಂಡ್ಯಾಗ ಒಬ್ಬಾಂವ ಛತ್ರಿ ಕೆಳಗ ಕುಂತು ಚಿತ್ರಾ ಬರೀತಿದ್ದ. "ಮಳಿ ಹೆಂಗ ಬರೀತೀರಿ?" ಅಂದೆ. "ನಾ ಬರಿಯೂದಿಲ್ಲ, ಅದ ಬಂದ ಬೀಳತೈತಿ" ಅಂತ ಮರಾಠಿಯಾಗ ಹೇಳಿ, ಕಾಗದದ ಮ್ಯಾಲ ಹರಡಿದ ಹನಿ ತೋರಿಸಿದ. ಮಿಸಳ ತಿಂದೆ. ಉಳ್ಳಾಗಡ್ಡಿ ಬ್ಯಾಡ ಅನ್ನಾಕ ಆಯಿ ಇರಲಿಲ್ಲ.

ಮಧ್ಯಾಹ್ನದ ಸುಮಾರ ಮಳಿ ಜೋರಾತು. ಒಂದ ಟಾಕೀಜಿನ ಮುಂದ, ದೊಡ್ಡ ಬ್ಯಾನರ್ ಕೆಳಗ ಹೋಗಿ ನಿಂತೆ. ಬಾಜೂಕ ಶೇಂಗಾ ಮಾರಾಂವ. ಮ್ಯಾಲ ಹೀರೋ, ಕೈಯಾಗ ಚಾಕು, ಮೀಸಿ ಒಂದೊಂದ ಮಾರ ಉದ್ದ. ನಾನೂ ಹಂಗ ಹುಬ್ಬ ಏರಿಸಿ ನಿಂತೆ. ಮೂಲ್ಯಾಗ ಸೆರಗ ಹೊದ್ದ ಒಬ್ಬ ತಾಯಿ. ಪಿಚ್ಚರ್ ತಾಯಿ ಯಾವಾಗಲೂ ಮೂಲ್ಯಾಗ ಇರೂದಲ್ಲ? ಗದ್ದದಿಂದ ಮಳಿ ನೀರ ತೊಟ್ಟಿಕ್ಕತಿತ್ತು. ನಾ ಶೇಂಗಾದಾಂವನ್ನ ನಗಸಾಕ ಆಕಿ ಕಡೆ ಕೈ ಚಾಚಿದೆ. "ಅಳಬ್ಯಾಡ ಅವ್ವಾ! ನಿನ್ನ ಮಗ ಬಂದಾನ!"

"ಕಾಯ್ ರೇ ಹೀರೋ" ಅಂತ ಅಂವ ನಕ್ಕು ನಾಕ ಶೇಂಗಾ ಪುಕಟ ಕೊಟ್ಟ.

ಅಷ್ಟರಾಗ ಇಬ್ಬರು ಏಣಿ ತಂದು ಬ್ಯಾನರ್ ಇಳಸಾಕ ಹತ್ತಿದ್ರು. "ಹಗ್ಗ ಹಿಡೀ ಜರಾ" ಅಂದ್ರು. ನಾ ಜೋರಿಲೆ ಹಿಡದೆ. ಮುಖಗೋಳು ಒಳಗ ಮಾಡಿ ಬಟ್ಟಿ ಸುತ್ತಿಕೊಂಡ ಹ್ವಾದ್ರು. ನಾ ಚಹಾ ಕುಡಿಯಾಕ ಹ್ವಾದೆ.

ಶೆಡ್ ಮುಟ್ಟಿದಾಗ ನಾಕ ಹೊಡದಿತ್ತು. ಭಾವು ಅಜ್ಜ ನೆಲದ ಮ್ಯಾಲ ದೊಡ್ಡ ಬಟ್ಟಿ ಹಾಸಿ ಬಿಳೀ ಬಣ್ಣ ಬಳಿಯಾಕತ್ತಿದ್ದ. ಚಿಮಣಿ ಎಣ್ಣಿ ವಾಸನಿ ಮೂಗಿಗೆ ಬಡೀತು.

"ಜಿನ್ನಿ ಮೊಮ್ಮಗ ಏನ? ಬಾರೋ. ಆಕಿ ಬರಲಿಲ್ಲ?"

"ಹೊಳಿ ದಾಟೂಹಂಗಿಲ್ರಿ ಅಜ್ಜಾ, ವ್ರತಾ. ನನ್ನ ಕಳಿಸ್ಯಾಳ. ಎಲ್ಲೈತ್ರಿ ಆ ಮುಖಾ?" ನಾ ಗ್ವಾಡಿ ಮ್ಯಾಲ ಫ್ರೇಮ್ ಹುಡುಕಾಕತ್ತಿದ್ದೆ.

ಅಂವ ಕುಂಚದಿಂದ ಬಿಳೀ ಬಟ್ಟಿಯ ಮೂಲಿ ತೋರಿಸಿದ. "ಇಲ್ಲಿತ್ತು. ಪಿಚ್ಚರಿನ ತಾಯಿಗೆ ಅವ್ವನ ಮುಖಾ ಬಂದ ಕುಂತಿತ್ತು. ಮಧ್ಯಾಹ್ನ ಇಳಿಸಿ ತಂದ್ರು. ಬಟ್ಟಿ ಮಾಲಕರದು, ನಾಳೆ ಹೊಸಾ ಪಿಚ್ಚರ್. ನಿಮ್ಮ ದಾರಿ ನೋಡಿದೆ. ಆಮ್ಯಾಲ ಎಣ್ಣಿ ಹಾಕಿ ತಿಕ್ಕಿಬಿಟ್ಟೆ."

ನನ್ನ ಕೈಯಾಗ ಇನ್ನಾ ಆ ಹಗ್ಗದ ಉರಿ ಇತ್ತು.

"ಮತ್ತೊಮ್ಮೆ ತಗೀರಿ ಅಜ್ಜಾ."

"ನಾ ತಗದದ್ದಲ್ಲೋ ಅದು. ಜಲ್ಮ ಪೂರ್ತಿ ತಗೀಬೇಕಂತ ಕುಂತಾಗೆಲ್ಲಾ ಬ್ಯಾರೆ ಯಾರೋ ಬಂದ್ರು. ಆವತ್ತ ಪಿಚ್ಚರಿನ ತಾಯಿ ಬರೀವಾಗ ಕೈ ತಾನ ಹೋತು." ಕುಂಚ ಡಬ್ಬ್ಯಾಗ ಇಟ್ಟ. "ಟಾಕೀಜಿನ ಮುಂದ ಹಾದ ಬಂದಿ ಏನ? ನೋಡಿದಿ?"

ನೋಡಿದ್ದೇನೋ ಖರೆ.

"ನೋಡಿದೆ."

ಮುದುಕಪ್ಪನ ಮುಖಾ ಅರಳಿತು. "ಆತ ಬಿಡು. ನೀ ನೋಡಿದಿ ಅಂದ್ರ ಜಿನ್ನಿ ನೋಡಿಧಂಗ."

ಆಮ್ಯಾಲ ಆಕಿ ಹೆಂಗಿದ್ಲು ಅಂತ ಅವನ್ನ ಹೆಂಗ ಕೇಳಲಿ?

ಬಸ್ಸಿನ ಕಿಡಕಿ ಗಾಜಿನಾಗ ನನ್ನ ಮುಖಾ ನೋಡ್ಕೋತ ಬಂದೆ. ತುಟಿ ಹಿಂಗ ಮಾಡಿದೆ, ಹುಬ್ಬ ಹಂಗ ಮಾಡಿದೆ. ಬರೇ ಹೀರೋನ ಮೀಸಿ ನೆನಪಾಗತಿತ್ತು. ಆಕಿ ಮೂಗ ಹೆಂಗಿತ್ತು? ಕಣ್ಣು?

ಏಕಸಂಬಿಗೆ ಬಂದಾಗ ಮನ್ಯಾಗ ದೀಪಾ ಹಚ್ಚಿದ್ರು. ಆಯಿ ಪಡಸಾಲ್ಯಾಗ ಕುಂತಿದ್ಲು. ಅಡಗಿ ಮನ್ಯಾಗ ಆಕಿ ತಾಟ ಹಂಗ ಮುಚ್ಚಿತ್ತು. ಇನ್ನ ನಾಳೆ ಹೊತ್ತ ಹುಟ್ಟೂತನಕ ಆಕಿಗೆ ಊಟ ಇಲ್ಲ. ತಡಾ ಯಾಕಂತ ಬೈಲಿಲ್ಲ. ಕಂದೀಲ ಎತ್ತಿ ನನ್ನ ಮುಖದ ಹಂತ್ಯಾಕ ಹಿಡದ್ಲು.

"ಮಾಡು. ಹೆಂಗದಾಳ?"

ನಾ ಹುಬ್ಬ ಏರಿಸಿದೆ, ಇಳಿಸಿದೆ. ಆಮ್ಯಾಲ ತಾನ ಹಾದಿ ಮಾಡಿ ಕೊಟ್ಟಂಗ ಕೇಳಿದ್ಲು.

"ಹೋಗ್ಲಿ, ಇಷ್ಟ ಹೇಳು. ನಗತಿದ್ಲೋ, ಅಳತಿದ್ಲೋ?"

"ಟಾಕೀಜಿನ ಮುಂದ ಹಾಕಿದ್ರು ಆಯಿ. ಮುಖದ ಮ್ಯಾಲ ನೀರ ಇಳೀತಿತ್ತು. ನನಗ... ಗೊತ್ತಾಗಲಿಲ್ಲ."

ಆಯಿ ಕಂದೀಲ ಕೆಳಗಿಟ್ಟಳು. ಹೊರಗ ಮಳಿ ಹಂಗ ಹತ್ತಿತ್ತು.

"ಮಳಿಯಾಗ ನಿಲ್ಲಿಸಿದ್ನ ಅಣ್ಣ, ಅವ್ವನ್ನ?" ಅಂದ್ಲು.