ಯಾರೂ ಕೇಳಿಸಿಕೊಳ್ಳುತ್ತಿಲ್ಲ

ನ್ಯಾಯಾಲಯದಲ್ಲಿ ಎಲ್ಲರೂ ಅವರನ್ನು ರಾಜಿ ಮೇಡಂ ಎಂದೇ ಕರೆಯುತ್ತಿದ್ದರು. ಗಂಡ ಹೆಂಡಿರ ಜಗಳಕ್ಕೆ ಮಧ್ಯಸ್ಥಿಕೆ ವಹಿಸುವುದು ಅವರ ಕೆಲಸ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಮುಗಿಸಿಕೊಡುವುದರಲ್ಲಿ ಎತ್ತಿದ ಕೈ. ವಿಡಿಯೊ ಕಾನ್ಫರೆನ್ಸ್ ಬಂದ ಮೇಲಂತೂ ಊಟದ ಡಬ್ಬಿಯನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟುಕೊಂಡು, ಒಂದರ ಹಿಂದೊಂದು ಸಂಸಾರಕ್ಕೆ ಹೊಲಿಗೆ ಹಾಕುತ್ತಿದ್ದರು. ಆ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು.

ಆ ಬೆಳಿಗ್ಗೆ ಪರದೆಯ ಒಂದು ಚೌಕದಲ್ಲಿ ಬಟ್ಟೆ ಅಂಗಡಿಯ ಯಜಮಾನ, ಇನ್ನೊಂದರಲ್ಲಿ ಅವನನ್ನು ಬಿಟ್ಟು ಅಣ್ಣನ ಮನೆ ಸೇರಿದ್ದ ಹೆಂಡತಿ. ತಾನು ಅಂಗಡಿಯಲ್ಲಿದ್ದೇನೆ ಎಂದ ಗಂಡ. ಅವನ ಹಿಂದೆ ಬರೀ ಗೋಡೆ. ಹೆಂಡತಿ ಬಾಯಿ ತೆರೆದಾಗಲೆಲ್ಲ ಮಾತು ಎರಡೆರಡು ಸಲ ಕೇಳಿಸಿ, ಕೊನೆಗೆ ಕಿವಿ ಕೊರೆಯುವಂತೆ ಕೀಂ ಎನ್ನುತ್ತಿತ್ತು. ಹಾಳು ನೆಟ್‌ವರ್ಕ್ ಎಂದು ಮೇಡಂ ಬೈದುಕೊಂಡರು.

ಗಂಡನದು ಬೆಣ್ಣೆಯಂಥ ಮಾತು. ತಪ್ಪಾಯಿತು, ಇನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಕಳಿಸಿಕೊಡಿ ಎಂದ. ಅವಳು ಎಲ್ಲದಕ್ಕೂ ತಲೆ ತಗ್ಗಿಸಿ ಹೂಂ ಎನ್ನುತ್ತಿದ್ದಳು. ಮೇಡಂಗೆ ಏಕೋ ಸಮಾಧಾನವಾಗಲಿಲ್ಲ. ಎದುರುಬದುರು ಕೂತಿದ್ದರೆ ಒಬ್ಬರನ್ನು ಹೊರಗೆ ಕಳಿಸಿ ಇನ್ನೊಬ್ಬರ ಮನಸ್ಸು ತಿಳಿಯುವುದು ಹಳೆಯ ಪದ್ಧತಿ. ಇಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಗಂಡನ ಚೌಕ ಮಾಯವಾಯಿತು, ಆ ಕೀಂ ಸದ್ದೂ ನಿಂತಿತು.

"ಈಗ ಹೇಳಮ್ಮ. ಅವರನ್ನ ಆಚೆ ಕಳಿಸಿದೀನಿ. ಯಾರೂ ಕೇಳಿಸ್ಕೊಳ್ತಿಲ್ಲ."

ಅವಳು ನಂಬಿದಳು. ಬೆಲ್ಟಿನಲ್ಲಿ ಹೊಡೆದಿದ್ದು, ಬಚ್ಚಲಿನಲ್ಲಿ ಕೂಡಿಹಾಕಿದ್ದು ಎಲ್ಲವನ್ನೂ ಹೇಳಿದಳು. ಸತ್ತರೂ ಆ ಮನೆಗೆ ಹೋಗುವುದಿಲ್ಲ, ಅಣ್ಣ ಮಾತ್ರ ಹೋಗು ಹೋಗು ಅನ್ನುತ್ತಾನೆ ಎಂದಳು. ಮಾತಿನ್ನೂ ಮುಗಿದಿರಲಿಲ್ಲ, ಅವಳ ಹಿಂದಿನ ಬಾಗಿಲು ತೆರೆಯಿತು. ಒಳಗೆ ಬಂದವನು ಗಂಡ. ಅವನ ಬೆನ್ನಿಗೆ, ಮುಖ ತಪ್ಪಿಸಿಕೊಂಡು, ಅಣ್ಣ.

"ಎಲ್ಲಾ ಕೇಳಿಸ್ತು ಮೇಡಂ. ಇನ್ನು ನಾವೇ ಮಾತಾಡ್ಕೋತೀವಿ," ಎಂದ ಗಂಡ. ಪರದೆ ಕಪ್ಪಾಯಿತು.

ಹತ್ತಿರ ಹತ್ತಿರ ಎರಡು ಫೋನುಗಳಿದ್ದರೆ ಹಾಗೆ ಕೀಂ ಎಂದು ಕೂಗುತ್ತವೆ ಎಂಬುದು ಮೇಡಂಗೆ ಗೊತ್ತಿಲ್ಲದ ಸಂಗತಿಯಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅಣ್ಣನೇ ಅವನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದ. ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಹೋಗುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ತಂಗಿ ಸಂತೋಷವಾಗಿಯೇ ಗಂಡನ ಜೊತೆ ಹೊರಟಳು ಎಂದು ಹೇಳಿ ಅಣ್ಣ ಅವರನ್ನು ವಾಪಸ್ ಕಳಿಸಿದನಂತೆ.

ಮುಂದಿನ ಸಲ ಗಂಡ ಹೆಂಡತಿ ಒಂದೇ ಚೌಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಒಪ್ಪಿಗೆ ಇದೆ ಎಂದಳು ಅವಳು. ಅವಳೊಬ್ಬಳ ಹತ್ತಿರ ಮಾತಾಡಬೇಕು ಎಂದರು ಮೇಡಂ.

"ಅದಕ್ಕೇನಂತೆ," ಎಂದು ಗಂಡ ನಗುತ್ತ ಎದ್ದ. "ಪಕ್ಕದ ಕೋಣೇಲಿರ್ತೀನಿ."

ಅವಳು ತಲೆಯೆತ್ತಿದಳು. ಕಣ್ಣಲ್ಲಿ ಕೋಪವೂ ಇರಲಿಲ್ಲ.

"ಬೇಡ ಮೇಡಂ. ಹೋದ ಸಲಾನೂ ಯಾರೂ ಕೇಳಿಸ್ಕೊಳ್ತಿಲ್ಲ ಅಂತ ನೀವೇ ಹೇಳಿದ್ರಿ."

ಮೇಡಂ ಕರೆ ಮುಗಿಸಿದರು. ರಾಜಿಯಾಗಿಲ್ಲ, ಈಕೆಯನ್ನು ನ್ಯಾಯಾಧೀಶರೇ ಒಂಟಿಯಾಗಿ ಎದುರಿಗೆ ಕೂರಿಸಿ ಕೇಳಬೇಕು ಎಂದು ಬರೆದು ಗುಮಾಸ್ತರ ಕೈಗೆ ಕೊಟ್ಟರು. ಗಂಡ ಅವಳನ್ನು ಹೊಸಿಲು ದಾಟಲು ಬಿಟ್ಟರೆ ತಾನೇ ಅದೆಲ್ಲ, ಎಂದರು ಗುಮಾಸ್ತರು. ಹೌದೆಂದು ಮೇಡಂಗೂ ಗೊತ್ತಿತ್ತು. ತಾವು ಕೂಡಿಸಿ ಕಳಿಸಿದ ಅಷ್ಟೂ ಸಂಸಾರಗಳಲ್ಲಿ ಒಂದರ ಬಾಗಿಲನ್ನೂ ಅವರು ಇದುವರೆಗೆ ನೋಡಿರಲಿಲ್ಲ.

ಕಂಪ್ಯೂಟರ್ ಆರಿಸಿದರು. ಮಹಿಳಾ ಪೇದೆಯೊಬ್ಬರನ್ನು ತಮ್ಮ ಜೊತೆಗೆ ಕಳಿಸಿ ಎಂದು ಠಾಣೆಗೆ ಫೋನ್ ಮಾಡಿದರು, ಯಾರೂ ಬಿಡುವಾಗಿಲ್ಲ ಎಂದರು ಅಲ್ಲಿಯವರು. ಗಂಡನ ಮನೆಯ ವಿಳಾಸ ಬರೆದುಕೊಂಡು ಒಬ್ಬರೇ ಬಸ್ಸು ಹತ್ತಿದರು. ಆ ಮನೆಯವರು ಬಾಗಿಲು ತೆಗೆಯುತ್ತಾರೆಂಬ ನಂಬಿಕೆ ಅವರಿಗೂ ಇರಲಿಲ್ಲ.