ಬಾಯಿಬಿಟ್ಟು ಹೇಳಬೇಕಾದ ಹೆಸರು

ನಾರಿನ್ ಪಟ್ಟಣದ ಮೊಬೈಲ್ ಕಂಪನಿಯ ಕಚೇರಿಯಲ್ಲಿ ಬುರುಲ್‌ಗೆ ಸಿರ್ಗಾಳನ್ನು ಕಂಡರೆ ಆಗುತ್ತಿರಲಿಲ್ಲ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಅದು ಹೊಟ್ಟೆಕಿಚ್ಚು. ಬುರುಲ್ ಮಾತ್ರ ಅದಕ್ಕೆ ಬೇರೆ ಬೇರೆ ಮರ್ಯಾದೆಯ ಹೆಸರುಗಳನ್ನು ಇಟ್ಟುಕೊಂಡಿದ್ದಳು. ಒಂದು ದಿನ ಶಿಸ್ತು ಅನ್ನುವಳು, ಇನ್ನೊಂದು ದಿನ ಕಚೇರಿಯ ಹಿತ ಅನ್ನುವಳು. ಮನೆಗೆ ಹೋಗಿ ಒಲೆಗೆ ಕಲ್ಲಿದ್ದಲು ಹಾಕುವಾಗ ಮಾತ್ರ ನಿಜ ಬಾಯಿಗೆ ಬರುತ್ತಿತ್ತು. "ಆ ಹುಡುಗಿ ನಕ್ಕರೆ ಸಾಕು, ನನ್ನ ಮೈಯೆಲ್ಲ ಉರಿಯುತ್ತೆ" ಎಂದು ಗಂಡನಿಗೆ ಹೇಳುತ್ತಿದ್ದಳು. ಗಂಡ ಟಿವಿಯಿಂದ ಕಣ್ಣು ಕೀಳದೆ ಹೂಂಗುಟ್ಟುತ್ತಿದ್ದ.

ಉರಿಯುವುದಕ್ಕೆ ಕಾರಣಗಳೇನೂ ಕಡಿಮೆ ಇರಲಿಲ್ಲ. ಬುರುಲ್ ಆ ಕಚೇರಿಗೆ ಸೇರಿದಾಗ ಅಲ್ಲಿದ್ದದ್ದು ಒಂದು ಮೇಜು, ಒಂದು ಟೆಲಿಫೋನು. ಜನ ಬೈಯುವುದನ್ನು ಕೇಳಿಸಿಕೊಂಡೇ ಅವಳ ಕೂದಲು ನರೆತಿತ್ತು. ಸಿರ್ಗಾ ಮೊನ್ನೆ ಮೊನ್ನೆ ಬಿಷ್ಕೆಕ್‌ನಲ್ಲಿ ಕಾನೂನು ಓದಿ ಬಂದವಳು. ಅಪ್ಪ ಅಮ್ಮ ಇಬ್ಬರೂ ರಾಜಧಾನಿಯಲ್ಲಿ ಮೇಷ್ಟರು, ಮನೆಯಲ್ಲಿ ಆಡುವುದು ಹೆಚ್ಚಾಗಿ ರಷ್ಯನ್. ಇನ್ನೂ ಮದುವೆಯಾಗಿಲ್ಲ. ಬಂದವಳು ಬಂದ ಹಾಗೇ ಶಾಖೆಯ ಮುಖ್ಯಸ್ಥ ಎಸೆನ್‌ನ ಬಾಯಲ್ಲಿ ಕೂತುಬಿಟ್ಟಳು. ಸಿರ್ಗಾ ಎಷ್ಟು ಅಚ್ಚುಕಟ್ಟು, ಸಿರ್ಗಾ ಹೇಗೆ ನಿಯಮ ಬಿಟ್ಟು ಕದಲುವುದಿಲ್ಲ, ಅವಳನ್ನು ನೋಡಿ ಎಲ್ಲರೂ ಕಲಿಯಬೇಕು ಎಂದು ಅವನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹೋಗಲಿ ಅಂದರೆ, ಬುರುಲ್‌ಳ ಅತ್ತೆಯೂ ಒಮ್ಮೆ ಸಿಮ್ ಬದಲಿಸಲು ಕಚೇರಿಗೆ ಬಂದವಳು ಆ ಹುಡುಗಿ ಎರಡೂ ಕೈಯಲ್ಲಿ ಕೊಟ್ಟ ಚಹಾ ಕುಡಿದು, ಮನೆಗೆ ಬಂದು ಚಳಿಗಾಲವಿಡೀ ಅದನ್ನೇ ಹಾಡಿದಳು. ಇಪ್ಪತ್ತು ವರ್ಷ ಚಹಾ ಬಗ್ಗಿಸಿದ ಸೊಸೆಯ ಎದುರಿಗೇ.

ಈಗ ಅದಕ್ಕೆಲ್ಲ ಕಳಶವಿಟ್ಟ ಹಾಗೆ ಹೊಸ ಹುದ್ದೆಯೊಂದು ಬಂದಿತ್ತು. ಪ್ರತಿ ಶಾಖೆಯಲ್ಲೂ ಗ್ರಾಹಕರ ಹಕ್ಕುಗಳಿಗೆಂದೇ ಒಬ್ಬ ಅಧಿಕಾರಿ ಇರಬೇಕು, ದೂರು ಸರಿಯಾಗಿ ದಾಖಲಾಯಿತೋ ಇಲ್ಲವೋ, ಕೇಳದ ಸೇವೆಯನ್ನು ಗ್ರಾಹಕರ ತಲೆಗೆ ಕಟ್ಟಿದ್ದಾರೋ ಏನೋ, ಎಲ್ಲಕ್ಕೂ ಅವರೇ ಹೊಣೆ ಎಂದು ಹೊಸ ಕಾನೂನು ಹೇಳಿತ್ತು. ವಸಂತದ ಹೊಸವರ್ಷ ನೂರೂಜ್ ಹಬ್ಬ ಮುಗಿದ ಮೇಲೆ ಬಿಷ್ಕೆಕ್‌ನ ಮುಖ್ಯ ಕಚೇರಿಯಿಂದ ವಕೀಲ ಮೆದೆರ್ ಬರುತ್ತಾನೆ, ಬಂದು ಹೆಸರು ತೀರ್ಮಾನಿಸುತ್ತಾನೆ. ಆ ಹುದ್ದೆ ತನಗಲ್ಲದೆ ಇನ್ಯಾರಿಗೆ ಎಂದು ಬುರುಲ್ ಅಂದುಕೊಂಡಿದ್ದಳು. ಎಸೆನ್ ಮಾತ್ರ ಒಂದು ದಿನ ಕಾರಿಡಾರಿನಲ್ಲಿ, "ಬುರುಲ್, ನಿನ್ನ ಅನುಭವ ಬೇಕೇ ಬೇಕು, ಸಿರ್ಗಾಗೆ ಪಕ್ಕದಲ್ಲಿ ನಿಂತು ಸ್ವಲ್ಪ ಸಹಾಯ ಮಾಡು" ಅಂದ. ಪಕ್ಕದಲ್ಲಿ! ಆ ಒಂದು ಪದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅವತ್ತಿನಿಂದ ಅವಳು ಸಿರ್ಗಾಳ ತಪ್ಪು ಹುಡುಕಲು ಕೂತಳು. ದೂರಿನ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತಿದ್ದವು, ಅವನ್ನು ಆಗಾಗ ಕೇಳಿ ಪರೀಕ್ಷಿಸುವುದು ಬುರುಲ್‌ಳ ಕೆಲಸವೇ ಆಗಿತ್ತು. ಕೆಲಸದ ಹೆಸರಿನಲ್ಲಿ ಮತ್ಸರ ತೀರಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಾಯಲ್ಲಿ ಒಂದು ಕುರುತ್ ಉಂಡೆ ಹಾಕಿಕೊಂಡು, ಆ ಉಪ್ಪು ಮೊಸರಿನ ಗಟ್ಟಿ ಕರಗುವವರೆಗೆ ಒಂದೊಂದೇ ಕರೆ ಕೇಳುತ್ತಿದ್ದಳು. ಹುಡುಗಿ ಎಲ್ಲಿಯೂ ಸಿಟ್ಟಾಗುತ್ತಿರಲಿಲ್ಲ, ಎಲ್ಲಿಯೂ ಸುಳ್ಳು ಹೇಳುತ್ತಿರಲಿಲ್ಲ. ಅವಳ ಧ್ವನಿ ಎಷ್ಟು ಇಂಪಾಗಿತ್ತೆಂದರೆ ಬುರುಲ್‌ಗೆ ಹಲ್ಲು ಕಡಿಯುವಂತಾಗುತ್ತಿತ್ತು.

ಹಬ್ಬಕ್ಕೆ ಇನ್ನೂ ದಿನವಿದ್ದಾಗ ಅವಳಿಗೆ ಬೇಕಾದದ್ದು ಸಿಕ್ಕಿತು. ಅತ್‌ಬಾಶಿ ಕಡೆಯ ಹಳ್ಳಿಯಿಂದ ಜೂರಾ ಎಂಬ ಹೆಂಗಸು ಮಾಡಿದ ಕರೆ. ಗಂಡ ಗಡಿಯಾಚೆಗೆ ಲಾರಿ ಓಡಿಸುವವನು, ಮಾವ ಬೆಟ್ಟದ ಮೇಲಿನ ಚಳಿಗಾಲದ ಹಟ್ಟಿಯಲ್ಲಿ ಕುರಿಗಳ ಜೊತೆ ಒಬ್ಬನೇ ಇದ್ದಾನೆ. ಕುರಿ ಮರಿ ಹಾಕುವ ಕಾಲ. ಅವನ ಫೋನಿಗೆ ಎಷ್ಟು ಸಲ ದುಡ್ಡು ಹಾಕಿದರೂ ಅದೆಂಥದೋ ಹಾಡಿನ ಸೇವೆ ಬೆಳಗಾಗುವುದರೊಳಗೆ ನುಂಗಿಬಿಡುತ್ತದೆ, ಮುದುಕ ಕೇಳಿಯೇ ಇಲ್ಲದ ಸೇವೆ, ಅವನಿಗೆ ಕಿವಿಯೇ ಮಂದ. ಅದನ್ನು ನಿಲ್ಲಿಸಿ ಎಂದು ಅವಳು ಕೇಳುತ್ತಿದ್ದಳು.

"ನಂಬರ್ ಯಾರ ಹೆಸರಲ್ಲಿದೆ, ಅಕ್ಕ?" ಸಿರ್ಗಾಳ ಇಂಪಾದ ಧ್ವನಿ.

"ನಮ್ಮ ಮಾವನೋರ ಹೆಸರಲ್ಲಿ."

"ಅವರ ಹೆಸರು ಹೇಳಿ."

ಆಚೆ ಕಡೆ ಯಾವುದೋ ಪಾತ್ರೆ ಸದ್ದಾಯಿತು. ಆಮೇಲೆ ಹೆಂಗಸು ಮೆಲ್ಲಗೆ ಅಂದಳು: "ಅದೇ ಕಣಮ್ಮ... ಕುದುರೆ ಲಾಳ ಯಾತರಲ್ಲಿ ಮಾಡ್ತಾರೆ, ಅದು."

"ನಾನು ಒಗಟು ಕೇಳ್ತಿಲ್ಲ ಅಕ್ಕ. ಹೆಸರು ಕೇಳ್ತಿದೀನಿ. ನೀವು ಬಾಯಿಬಿಟ್ಟು ಹೇಳದೆ ನಾನು ದೂರು ಬರ್ಕೊಳ್ಳೋ ಹಾಗಿಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ."

ಬುರುಲ್ ಕುರುತ್ ಜಗಿಯುವುದನ್ನು ನಿಲ್ಲಿಸಿದಳು. ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮುದುಕನ ಹೆಸರು ತೆಮಿರ್, ಅಂದರೆ ಕಬ್ಬಿಣ. ಸೊಸೆಯಾದವಳು ಮಾವನ ಹೆಸರನ್ನು ನಾಲಿಗೆಯ ಮೇಲೆ ತರುವುದುಂಟೇ? ಬುರುಲ್ ತಾನೇ ಈವರೆಗೆ ತನ್ನ ಮಾವನ ಹೆಸರು ಆಡಿದವಳಲ್ಲ, ಅವನು ಸತ್ತು ಎಷ್ಟೋ ಕಾಲವಾಗಿದ್ದರೂ. ಮನೆಯಲ್ಲಿ ರಷ್ಯನ್ ಆಡಿಕೊಂಡು ಬೆಳೆದ ಈ ಹುಡುಗಿಗೆ ಅದು ಹೊಳೆದೇ ಇಲ್ಲ. ಮುಖ್ಯ ಕಚೇರಿಯ ನಿಯಮದಲ್ಲಿ ಮಾಲೀಕರ ಹೆಸರನ್ನು ಕರೆ ಮಾಡಿದವರೇ ಹೇಳಬೇಕು ಎಂದಿದೆ, ಹುಡುಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ. ಹುಡುಕುತ್ತಾ ಹೋದರೆ ಅಂಥ ಕರೆಗಳು ಒಂದಲ್ಲ, ಹತ್ತಾರು. ಕೆಲವು ಸೊಸೆಯರು ಮಕ್ಕಳ ಕೈಗೆ ಫೋನ್ ಕೊಟ್ಟು ಅಜ್ಜನ ಹೆಸರು ಹೇಳಿಸಿದ್ದರು, ಸಿರ್ಗಾ ಮುದ್ದಾಗಿ, "ದೊಡ್ಡೋರಿಗೆ ಕೊಡು ಪುಟ್ಟ" ಅಂದಿದ್ದಳು. ಎಲ್ಲದರ ಕೆಳಗೂ ಒಂದೇ ಟಿಪ್ಪಣಿ: ಗುರುತು ಖಚಿತವಾಗಲಿಲ್ಲ, ದೂರು ದಾಖಲಾಗಲಿಲ್ಲ.

ಬುರುಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತಾನು ಫೋನಿನ ಮುಂದೆ ಕೂರುತ್ತಿದ್ದ ಕಾಲದಲ್ಲಿ ಇಂಥ ಸೊಸೆಯರನ್ನು ಅವಳು ಬೇರೆ ಥರ ವಿಚಾರಿಸುತ್ತಿದ್ದಳು. ಯಾವ ಊರು, ಮಾವ ಹುಟ್ಟಿದ ವರ್ಷ ಯಾವುದು, ಪಾಸ್‌ಪೋರ್ಟಿನ ಕೊನೆಯ ಅಂಕಿಗಳೇನು ಎಂದು ಕೇಳಿ, ಹೆಸರಿನ ತಂಟೆಗೇ ಹೋಗದೆ ಕೆಲಸ ಮುಗಿಸುತ್ತಿದ್ದಳು. ಅದನ್ನು ಸಿರ್ಗಾಗೆ ಹೇಳಿಕೊಡಬಹುದಿತ್ತು, ಹೇಳಿಕೊಡಲಿಲ್ಲ. ನಾನು ಕೂದಲು ನರೆಸಿಕೊಂಡು ಕಲಿತದ್ದನ್ನು ಅವಳಿಗೆ ಯಾಕೆ ಬಾಯಿಗೆ ತುತ್ತು ಮಾಡಿ ಇಡಲಿ ಎಂಬುದು ಅವಳ ವಾದ. ಈಗಲೂ ಎದ್ದು ಎರಡು ಹೆಜ್ಜೆ ನಡೆದು ಪಕ್ಕದ ಕೋಣೆಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಥವಾ ತಾನೇ ಆ ಸೇವೆಯನ್ನು ನಿಲ್ಲಿಸಬಹುದಿತ್ತು, ಅದು ಒಂದು ಗುಂಡಿ ಒತ್ತುವಷ್ಟರ ಕೆಲಸ. ಆದರೆ ಈಗಲೇ ಸರಿಮಾಡಿಬಿಟ್ಟರೆ ಮೆದೆರ್ ಬಂದಾಗ ತೋರಿಸುವುದಕ್ಕೆ ಏನಿರುತ್ತದೆ? ಗಾಯ ಮಾಗಿದ ಮೇಲೆ ಯಾರು ನೋಡುತ್ತಾರೆ? ಇನ್ನೊಂದಿಷ್ಟು ದಿನ ತಾನೇ, ಹಾಡಿನ ಸೇವೆಯಿಂದ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಹೆಡ್‌ಫೋನ್ ತೆಗೆದಿಟ್ಟಳು. ಅವತ್ತು ಸಿರ್ಗಾ ಎದುರಾದಾಗ ಮೊದಲ ಸಲ ಅವಳನ್ನು ನೋಡಿ ಮನಸಾರೆ ನಕ್ಕಳು. ಪಾಪ, ಹುಡುಗಿ ಖುಷಿಯಾಗಿ ತಾನೂ ನಕ್ಕಳು.

ನೂರೂಜ್ ಬಂತು. ಕಚೇರಿಯವರೆಲ್ಲ ಅಂಗಳದಲ್ಲಿ ದೊಡ್ಡ ಕಡಾಯಿಯ ಸುತ್ತ ನಿಂತು ಮೊಳಕೆ ಗೋಧಿಯ ಹಬ್ಬದ ಪಾಯಸ ಸುಮೊಲೊಕ್ ತಿರುವಿದರು. ಸಿರ್ಗಾ ಸೌಟು ಹಿಡಿದಾಗ ಎಲ್ಲರೂ ಫೋಟೊ ತೆಗೆದರು, ಬುರುಲ್ ಹಿಡಿದಾಗ ಯಾರೂ ತೆಗೆಯಲಿಲ್ಲ. ಇರಲಿ, ಇನ್ನೆಷ್ಟು ದಿನ ಮೆರೀತಾಳೆ ಎಂದು ಅವಳು ಒಳಗೊಳಗೇ ಹೇಳಿಕೊಂಡಳು. ಹಬ್ಬದ ಬೆನ್ನಿಗೇ ಹಿಮ ಬಿತ್ತು, ಹೊತ್ತಲ್ಲದ ಹೊತ್ತಿನ ಹಿಮ, ಬೆಟ್ಟದ ದಾರಿಗಳೆಲ್ಲ ಮುಚ್ಚಿಹೋದವು. ಮೆದೆರ್ ಬರುವುದು ತಡವಾಯಿತಲ್ಲ ಎಂದು ಬುರುಲ್ ಆ ಹಿಮಕ್ಕೆ ಶಾಪ ಹಾಕಿದಳು. ಅದರ ಬಗ್ಗೆ ಅವಳು ಯೋಚಿಸಿದ್ದು ಅಷ್ಟೇ.

ಕೊನೆಗೂ ಮೆದೆರ್ ಬಂದ. ಸಣ್ಣ ದನಿಯ, ದಪ್ಪ ಕನ್ನಡಕದ ಮನುಷ್ಯ, ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಎಸೆನ್ ಸಿರ್ಗಾಳ ಗುಣಗಾನ ಮಾಡಿ ಮುಗಿಸುವವರೆಗೂ ಬುರುಲ್ ತಾಳ್ಮೆಯಿಂದ ಕೂತಿದ್ದಳು. ಆಮೇಲೆ ಎದ್ದು, ಒಂದು ಕರೆ ಕೇಳಿಸುತ್ತೇನೆ, ಅಪ್ಪಣೆಯಾಗಲಿ ಎಂದಳು. ಜೂರಾಳ ಧ್ವನಿ ಕೋಣೆ ತುಂಬಿತು. ಕುದುರೆ ಲಾಳದ ಮಾತು ಬಂದಾಗ ಎಸೆನ್‌ನ ಮುಖ ಬಿಳಿಚಿಕೊಂಡಿತು, ಅವನೂ ಹಳ್ಳಿಯವನೇ. ಬುರುಲ್ ಒಂದೊಂದೇ ಕರೆಯನ್ನು ಹಾಕುತ್ತಾ, ಇದು ಅನ್ಯಾಯ, ನಮ್ಮ ಹೆಣ್ಣುಮಕ್ಕಳ ಮರ್ಯಾದೆಯನ್ನೇ ತಿಳಿಯದವರು ಅವರ ಹಕ್ಕು ಕಾಯುವುದೆಂತು ಎಂದು ಕೇಳಿದಳು. ಮಾತು ಚೆನ್ನಾಗಿಯೇ ಬಂತು. ಒಲೆಯ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿದ್ದಳಲ್ಲ.

ಸಿರ್ಗಾ ಸಮರ್ಥಿಸಿಕೊಳ್ಳಲಿಲ್ಲ. ಕಿವಿಯವರೆಗೂ ಕೆಂಪಾಗಿ ಕೂತಿದ್ದಳು. "ನಂಗೆ ಗೊತ್ತಿರ್ಲಿಲ್ಲ" ಅಂದಳು. "ನಾನು ಅವರು ಏನೋ ಮುಚ್ಚಿಡ್ತಿದಾರೆ ಅಂದ್ಕೊಂಡೆ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ." ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು.

ಬುರುಲ್‌ಗೆ ಆ ಕಣ್ಣೀರು ನೋಡಿ ಮೈ ಹಗುರಾಯಿತು. ಮೆದೆರ್ ಮಾತ್ರ ಅಳುವವಳನ್ನು ನೋಡುತ್ತಿರಲಿಲ್ಲ. ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಿದ್ದ. ಯಾವ ಧ್ವನಿಮುದ್ರಣವನ್ನು ಯಾರು ಯಾವಾಗ ತೆರೆದು ಕೇಳಿದರೆಂಬುದು ಅದರ ಕೆಳಗೇ ನಮೂದಾಗುತ್ತದೆ.

"ಬುರುಲ್ ಅಕ್ಕ, ಇದನ್ನ ನೀವು ಹಬ್ಬಕ್ಕೆ ಮುಂಚೇನೇ ಕೇಳಿದೀರಿ" ಅಂದ. "ಕೇಳಿದ ತಕ್ಷಣ ನಿಮಗೆ ಅರ್ಥವಾಯ್ತಾ?"

"ಆಗದೆ ಏನು? ನಾನೂ ಒಂದು ಮನೆ ಸೊಸೆ" ಎಂದಳು ಬುರುಲ್, ಇನ್ನೂ ಹೆಮ್ಮೆಯಲ್ಲೇ.

"ಹಾಗಾದ್ರೆ ದೂರು ಕಂಪನಿಗೆ ಮುಟ್ಟಿದ್ದು ಅವತ್ತೇ. ಅರ್ಥವಾಗದೋರ ಕಿವಿಗೆ ಬಿದ್ದಾಗ ಅಲ್ಲ, ಅರ್ಥವಾದೋರ ಕಿವಿಗೆ ಬಿದ್ದಾಗ. ಅವತ್ತಿಂದ ಇವತ್ತಿನವರೆಗೆ ನಾವು ಅವರ ದುಡ್ಡನ್ನ ಗೊತ್ತಿದ್ದೂ ತಿಂದಿದೀವಿ. ಕಾನೂನಿನಲ್ಲಿ ಗೊತ್ತಿಲ್ಲದೆ ಮಾಡಿದ್ದು ಒಂದು, ಗೊತ್ತಿದ್ದೂ ಸುಮ್ಮನಿದ್ದದ್ದು ಇನ್ನೊಂದು."

ಎಸೆನ್ ಕಿಟಕಿಯ ಕಡೆ ತಿರುಗಿಕೊಂಡ. ಬುರುಲ್ ಏನೋ ಹೇಳಲು ಬಾಯಿ ತೆರೆದಳು, ಪರಿಶೀಲನೆ ಪೂರ್ತಿಯಾಗಲಿ ಎಂದು ಕಾಯುತ್ತಿದ್ದೆ ಎಂಬಂಥದ್ದೇನೋ, ಆದರೆ ಅದು ಅವಳ ಕಿವಿಗೇ ಸುಳ್ಳಾಗಿ ಕೇಳಿ ಅರ್ಧಕ್ಕೇ ನಿಂತಿತು. ಹುದ್ದೆಯ ಮಾತು ಅವಳ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಮೆದೆರ್ ಬಾಯಿ ಬಿಟ್ಟು ಹಾಗೆಂದು ಹೇಳಲೂ ಇಲ್ಲ. ಎಲ್ಲ ಸೊಸೆಯರಿಗೂ ಈಗಲೇ ಫೋನ್ ಮಾಡಿ, ಸೇವೆ ನಿಲ್ಲಿಸಿ, ದುಡ್ಡು ವಾಪಸ್ ಕೊಡುತ್ತೇವೆಂದು ತಿಳಿಸಿ, ಮೊದಲ ಕರೆ ಬುರುಲ್ ಅಕ್ಕನದೇ ಆಗಲಿ, ಸಿರ್ಗಾ ಪಕ್ಕದಲ್ಲಿ ಕೂತು ಹೇಗೆ ವಿಚಾರಿಸುವುದೆಂದು ಕಲಿತುಕೊಳ್ಳಲಿ ಎಂದಷ್ಟೇ ಹೇಳಿದ.

ಹಾಗಾಗಿ ಬುರುಲ್ ತನ್ನ ಮೇಜಿನ ಮುಂದೆ ಕೂತು, ಫೋನನ್ನು ಇಬ್ಬರಿಗೂ ಕೇಳುವಂತೆ ಇಟ್ಟು, ಜೂರಾಳ ನಂಬರ್ ಒತ್ತಿದಳು. ಮಾವನ ಊರು ಕೇಳಿದಳು, ಹುಟ್ಟಿದ ವರ್ಷ ಕೇಳಿದಳು, ಹೆಸರಿನ ಸುದ್ದಿ ಎತ್ತಲಿಲ್ಲ. ಎಲ್ಲ ಸರಿಹೋಯಿತು. ಆಚೆ ಕಡೆಯ ಹೆಂಗಸು ದೀರ್ಘವಾಗಿ ಉಸಿರು ಬಿಟ್ಟಳು.

"ಅಯ್ಯೋ ಅಕ್ಕ, ಇಷ್ಟು ಸುಲಭವಾ?" ಅಂದಳು. "ಮುಂಚೆ ಒಬ್ಬ ಹುಡುಗಿ ಇದ್ಲು, ಮಾತು ಸಕ್ಕರೆ, ಆದ್ರೆ ಎಳೇದು, ಮದುವೆಯಾಗಿಲ್ಲ ಅನ್ಸುತ್ತೆ. ಅವಳಿಗೆ ಏನು ಗೊತ್ತಾಗ್ಬೇಕು, ಬಿಡಿ. ಆ ಆಫೀಸಲ್ಲಿ ಒಬ್ಬಳಾದ್ರೂ ಸೊಸೆ ಅನ್ನೋಳು ಇದ್ದಿದ್ರೆ ಅರ್ಥ ಮಾಡ್ಕೋತಿದ್ಲು ಅಂತ ನಾನು ದಿನಾ ಅಂದ್ಕೋತಿದ್ದೆ. ನೀವು ಸ್ವಲ್ಪ ಮುಂಚೆ ಸಿಕ್ಕಿದ್ರೆ ಮಾವನೋರ ಕಾಲುಬೆರಳು ಉಳೀತಿತ್ತು."

"ಕಾಲುಬೆರಳು?" ಎಂದಳು ಬುರುಲ್.

ಹಬ್ಬದ ಮೇಲೆ ಹಿಮ ಬಿತ್ತಲ್ಲ, ಆಗ ಹಟ್ಟಿಯ ಮಾಡು ಕುಸಿಯಿತಂತೆ. ಸಹಾಯಕ್ಕೆ ಕರೆಯೋಣವೆಂದರೆ ಫೋನಿನಲ್ಲಿ ದುಡ್ಡಿಲ್ಲ. ಹಿಂದಿನ ದಿನ ತಾನೇ ಜೂರಾ ಹಾಕಿದ್ದಳು, ಹಾಡು ತಿಂದುಹಾಕಿತ್ತು. ಮುದುಕ ಎರಡು ಮರಿಗಳನ್ನು ಕೋಟಿನೊಳಗೆ ಇಟ್ಟುಕೊಂಡು ನಡೆದೇ ಕೆಳಗಿಳಿದ. ಮರಿಗಳು ಬದುಕಿದವು. ಎಡಗಾಲಿನ ಬೆರಳುಗಳನ್ನು ಡಾಕ್ಟರು ತೆಗೆದರು. ಈಗ ಮನೆಗೆ ಬಂದಿದ್ದಾನೆ, ಇಲ್ಲೇ ಒಲೆಯ ಪಕ್ಕದಲ್ಲಿ ಕೂತಿದ್ದಾನೆ. ಜೂರಾ ಇದನ್ನೆಲ್ಲ ದೂರುವ ದನಿಯಲ್ಲಿ ಹೇಳಲಿಲ್ಲ, ಆದದ್ದಾಯಿತು ಎನ್ನುವ ಹಾಗೆ ಹೇಳಿದಳು.

"ನಿಮ್ಮ ಹೆಸರೇನಕ್ಕ? ಮಾವನೋರಿಗೆ ಹೇಳ್ತೀನಿ. ನಿಮ್ಮ ಹೆಸರು ಹಿಡಿದು ಹರಸಲಿ."

ಬುರುಲ್ ಪಕ್ಕಕ್ಕೆ ತಿರುಗಿದಳು. ಸಿರ್ಗಾ ಮತ್ತೆ ಅಳುತ್ತಿದ್ದಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. ಆ ಹುಡುಗಿ ನನಗೆ ಗೊತ್ತಿರಲಿಲ್ಲ ಎಂದು ಯಾರ ಮುಂದಾದರೂ ಹೇಳಬಲ್ಲಳು. ಆ ಮುದುಕನ ಮುಂದೆ ಹೋಗಿ ನಿಂತು ಬೇಕಾದರೂ ಹೇಳಬಲ್ಲಳು, ಹೇಳಿ ಅಳಬಲ್ಲಳು, ಅತ್ತು ಹಗುರಾಗಬಲ್ಲಳು. ಅವಳ ಓದನ್ನು, ನಗುವನ್ನು, ಇಂಪಾದ ದನಿಯನ್ನು ಕಂಡು ಉರಿದಿದ್ದ ಬುರುಲ್‌ಗೆ ಇಷ್ಟು ದಿನದ ಆ ಉರಿಯೆಲ್ಲ ಏನೂ ಅಲ್ಲ ಅನ್ನಿಸುವಷ್ಟು ಹೊಟ್ಟೆಕಿಚ್ಚು ಈಗ ಗೊತ್ತಿರಲಿಲ್ಲ ಎಂಬ ಆ ಒಂದು ಮಾತಿನ ಮೇಲೆ ಹುಟ್ಟಿತು. ಆ ಮಾತು ಬುರುಲ್‌ಗೆ ಎಂದೂ ದಕ್ಕುವಂಥದಲ್ಲ.

"ಅಕ್ಕ? ಹೇಳಿ, ನಾಚ್ಕೋಬೇಡಿ."

"ಬುರುಲ್" ಅಂದಳು.

ಜೂರಾ ಅದನ್ನು ಕಿವಿ ಮಂದವಾದ ಮಾವನಿಗೆ ಜೋರಾಗಿ ಕೂಗಿ ಹೇಳಿದಳು, ಎರಡೆರಡು ಸಲ. ಮುದುಕ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಅಂಗೈ ಮೇಲೆತ್ತಿ ಹರಸುವವರ ನಿಧಾನದ ದನಿಯಲ್ಲಿ ಶುರುಮಾಡಿದ. ಬುರುಲ್ ಎಂಬ ಮಗಳು ನೂರು ಕಾಲ ಬಾಳಲಿ, ಅವಳ ಮನೆಯ ಒಲೆ ಆರದಿರಲಿ, ಕಷ್ಟದಲ್ಲಿ ಇರುವವರ ದನಿ ಅವಳ ಕಿವಿಗೆ ಹೀಗೇ ಬೇಗ ಮುಟ್ಟಲಿ ಎಂದ. ಮುದುಕರ ಹರಕೆಯ ನಡುವೆ ಫೋನ್ ಇಡುವ ಹಾಗಿಲ್ಲ. ಸಿರ್ಗಾ ಕೂತು ನೋಡುತ್ತಿರುವಾಗಲೇ, ಬುರುಲ್ ಕೊನೆಯವರೆಗೂ ಅದನ್ನು ಕೇಳಿಸಿಕೊಂಡಳು.