ಕಿಟಕಿಯಾಚೆಯ ಸವತಿ

ಶವಪೆಟ್ಟಿಗೆ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಒಳಗಿದ್ದವರು ಎತ್ತಿ ಎನ್ನುತ್ತಿದ್ದರು, ಹೊರಗಿದ್ದವರು ಇಳಿಸಿ ಎನ್ನುತ್ತಿದ್ದರು. ನಡುವೆ ಮಗ ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಂತು ಬೆವರುತ್ತಿದ್ದ.

"ಬದುಕಿದ್ದಾಗಲೂ ಇವನದು ಇದೇ ಗೋಳು. ಮನೆ ಬಿಟ್ಟು ಹೊರಡು ಅಂದ್ರೆ ಹೀಗೇ ಸತಾಯಿಸೋನು," ಎಂದ ಮೀಸೆಯಣ್ಣ. ಸತ್ತವನ ಜೊತೆ ಹರೆಯದಿಂದ ಹಾಲಿನ ಗಾಡಿ ಹೊಡೆದವನು. ಯಾರೋ ಕಿಸಕ್ಕನೆ ನಕ್ಕು, ಆಮೇಲೆ ಅದನ್ನು ಕೆಮ್ಮಾಗಿಸಿಕೊಂಡರು.

ಸಾವಿನ ಮನೆಯ ಕತೆಯನ್ನು ನಗುವಿನಿಂದ ಶುರು ಮಾಡಿದ್ದಕ್ಕೆ ಕ್ಷಮೆಯಿರಲಿ. ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅಳುಕೂ ಇದೆ. ಕುದುರೆ ಸಾಕಿ ಬಲ್ಲವರು, ಸಂಗಾತಿಯನ್ನು ಕಳೆದುಕೊಂಡು ಬಲ್ಲವರು ಇದಕ್ಕಿಂತ ಸರಿಯಾಗಿ ಹೇಳಿಯಾರು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಸತ್ತವನ ಹೆಂಡತಿ ನಗಲಿಲ್ಲ, ಅಳಲೂ ಇಲ್ಲ. ಬೀದಿಯವರೆಲ್ಲ ಅವಳನ್ನು ಹೊಲಿಗೆಯಮ್ಮ ಎನ್ನುತ್ತಿದ್ದರು. ಈಗಲೂ ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ನಿನ್ನೆ ತಾನೇ ಹೊಲಿದುಕೊಂಡ ಕಪ್ಪು ಬಟ್ಟೆ ಮೈಮೇಲಿತ್ತು. ಬೀದಿಯ ಎಷ್ಟೋ ಸಾವುಗಳಿಗೆ ಕಪ್ಪು ಬಟ್ಟೆ ಹೊಲಿದುಕೊಟ್ಟ ಕೈ, ತನ್ನದಕ್ಕೆ ಬಂದಾಗ ತಪ್ಪಿ ತೋಳಿನ ಹೊಲಿಗೆ ಸೊಟ್ಟಗಾಗಿತ್ತು. ಅವಳ ಕಿವಿ ಮಾತ್ರ ಹಿತ್ತಲಲ್ಲಿತ್ತು. ಬೆಳಗಿನಿಂದ ಲಾಯದ ಬಾಗಿಲನ್ನು ದಡ್ ದಡ್ ಎಂದು ಒದೆಯುತ್ತಿದ್ದ ಮುದಿ ಕುದುರೆ ಈಗ ಸುಮ್ಮನಾಗಿತ್ತು.

ಸೊಸೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. "ಅತ್ತೆ, ಆ ಕುದುರೆ ಚಿಂತೆ ನಿಮಗಿನ್ನು ಬೇಡ. ಸಂಜೆ ಲಾರಿ ಬರುತ್ತೆ."

"ಯಾವ ಲಾರಿ?"

"ಮುದಿ ಜಾನುವಾರು ತಗೊಂಡು ಹೋಗ್ತಾರಲ್ಲ, ತೊಗಲಿನವರು. ಇವರೇ ಫೋನ್ ಮಾಡಿದ್ರು."

ಹೊಲಿಗೆಯಮ್ಮ ಕಿಟಕಿಯತ್ತ ತಿರುಗಿದಳು.

"ನೀವೇ ಹೇಳ್ತಿದ್ರಲ್ಲ ಅತ್ತೆ, ಈ ಪೀಡೆ ಯಾವತ್ತು ತೊಲಗುತ್ತೋ ಅಂತ. ಅದಕ್ಕೇ ಇವರು, ಅಮ್ಮನಿಗೆ ಅಷ್ಟಾದರೂ ಮಾಡೋಣ ಅಂದ್ರು."

ಹೌದು, ಹೇಳಿದ್ದಳು. ಹೇಳದ ದಿನವಿರಲಿಲ್ಲ. ಇವತ್ತು ಬೇಡ ಎಂದರೆ ಯಾರು ನಂಬುತ್ತಾರೆ? ಬೇಡ ಎನ್ನಬೇಕೆಂದು ಯಾಕೆ ಅನ್ನಿಸುತ್ತಿದೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಸಂಜೆಯವರೆಗೆ ಹೊತ್ತಿತ್ತು. ಅಷ್ಟರಲ್ಲಿ ಗಂಡನನ್ನು ಹೂಳಬೇಕಿತ್ತು.

*

ಊರಿಗೆ ಹಾಲಿನ ವ್ಯಾನು ಬಂದ ವರ್ಷ ಕುದುರೆ ಗಾಡಿಗಳೆಲ್ಲ ಮೂಲೆ ಸೇರಿದವು. ಉಳಿದವರು ತಮ್ಮ ಕುದುರೆಗಳನ್ನು ಕಂಡವರಿಗೆ ಒಪ್ಪಿಸಿ ಕೈತೊಳೆದುಕೊಂಡರು. ಅವಳ ಗಂಡ ಮಾತ್ರ ತನ್ನದನ್ನು ಮನೆಗೆ ಹೊಡೆದುಕೊಂಡು ಬಂದ. ಅದಕ್ಕೆ ದೊರೆಸಾನಿ ಎಂದು ಹೆಸರು.

"ದೊರೆಸಾನಿಯಂತೆ! ಇದೇ ಹೆಸರಲ್ಲಿ ನನ್ನನ್ನ ಒಂದು ದಿನ ಕರೆದಿದ್ರೆ ಬಾಯಿ ಬಿದ್ದು ಹೋಗ್ತಿತ್ತಾ ರೀ?"

"ನಿನಗೆ ದೊರೆಸಾನಿ ಅಂತ ಹೆಸರು ಬೇರೆ ಬೇಕಾ? ಮನೇಲಿ ನಡೆಯೋದೆಲ್ಲ ನಿನ್ನ ದರ್ಬಾರೇ ಅಲ್ವಾ?"

ಅವತ್ತಿನಿಂದ ಅವಳ ಬಾಯಲ್ಲಿ ಕುದುರೆ ಸವತಿಯಾಯಿತು. "ಹೋಗಿ, ಸವತಿ ಕಾಯ್ತಿದಾಳೆ" ಎನ್ನುವಳು. "ಸವತಿ ಮೈ ತಿಕ್ಕಿದ ಕೈಲಿ ನನ್ನ ತಟ್ಟೆ ಮುಟ್ಟಬೇಡಿ" ಎನ್ನುವಳು. ಮೊದಮೊದಲು ತಮಾಷೆಯೇ. ಕುದುರೆಗೆ ವಯಸ್ಸಾಗಿ ಚರ್ಮ ಕೆಟ್ಟು, ಮೈ ಇಳಿಯತೊಡಗಿದ ಮೇಲೆ ತಮಾಷೆ ಕಹಿಯಾಯಿತು. ಗಂಡ ಲಾಯದಲ್ಲೇ ಬೆಳಗು ಮಾಡುವನು, ಲಾಯದಲ್ಲೇ ಮುಸ್ಸಂಜೆ ಮಾಡುವನು. ಎಣ್ಣೆಯಲ್ಲಿ ಕಲಸಿದ ಗಂಧಕದ ನಾತ ಅವನ ಅಂಗಿಯಿಂದ ದಿಂಬಿಗೆ, ದಿಂಬಿನಿಂದ ಅವಳ ಕೂದಲಿಗೆ ಹತ್ತಿತು. ಗಿರಾಕಿಗಳು ಬಟ್ಟೆ ಮೂಸಿ ನೋಡಿಕೊಂಡು ಹೋಗುವಂತಾಯಿತು. ಲಾಯಕ್ಕೆ ಒಂದು ದಿನವೂ ಕಾಲಿಡೆನೆಂದು ಅವಳು ಹಟ ಹಿಡಿದಳು, ಹಿಡಿದ ಹಟ ಬಿಡಲಿಲ್ಲ.

ಆದರೆ ಯಂತ್ರ ಕಿಟಕಿಯ ಬಳಿ ಇತ್ತು, ಕಿಟಕಿ ಹಿತ್ತಲಿಗಿತ್ತು. ಬೆಳಕಿಗಾಗಿ ಅಲ್ಲೇ ಕೂರಬೇಕು. ಕಾಲು ತುಳಿಯುತ್ತಿದ್ದರೂ ಕಣ್ಣು ಅತ್ತಲೇ. ಬೇರೆ ಹೆಂಗಸಿನ ಮನೆಗೆ ಹೋಗುವ ಗಂಡನನ್ನು ಕಾಯುವ ಹಾಗೆ ಅವಳು ಅವನನ್ನು ಕಾಯುತ್ತಿದ್ದಳು. ಅವನು ಯಾವ ಪಕ್ಕದಿಂದ ಶುರು ಮಾಡುತ್ತಾನೆ, ಎಲ್ಲಿ ಬೆರಳು ನಿಲ್ಲಿಸುತ್ತಾನೆ, ಒಂದೂ ತಪ್ಪಿಸಿದವಳಲ್ಲ. ಅವನೋ, ಕುದುರೆಗೆ ಕಿವಿ ಕೇಳಿಸದೇನೋ ಎಂಬಂತೆ ಗಟ್ಟಿಯಾಗಿ ಮಾತಾಡುವನು.

"ಹಕ್ಕಳೆ ಒಣಗಿದ್ದಾಗ ಕೀಳಬಾರದು ದೊರೆಸಾನಿ. ಮೊದಲು ಎಣ್ಣೆ, ಆಮೇಲೆ ಬಿಸಿನೀರು. ತಾನಾಗೇ ಬಿಡುತ್ತೆ. ಒದ್ದೆ ಮೈಮೇಲೆ ಕಂಬಳಿ ಹೊದಿಸಬಾರದು. ಹೂಂ, ಹೊಟ್ಟೆ ಕೆಳಗೂ ಒರೆಸೋಣ."

"ಹೂಂಗುಟ್ಟುತ್ತಾ ನಿಮ್ಮ ಕುದುರೆ?" ಎಂದು ಅವಳು ಕಿಟಕಿಯಿಂದ ಕೂಗಿದರೆ, ಅವನು ತಿರುಗಿಯೂ ನೋಡದೆ, "ಕೇಳಿಸಿಕೊಂಡರೆ ಸಾಕು," ಎನ್ನುವನು.

*

ಬಾಗಿಲಿನ ಒಂದು ರೆಕ್ಕೆ ಕಳಚಿದ ಮೇಲೆ ಪೆಟ್ಟಿಗೆ ಹೊರಗೆ ಬಂತು. ವ್ಯಾನಿಗೆ ಏರಿಸಿದರು. ಹೊಲಿಗೆಯಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಲು ಸೊಸೆ ತೋಳು ಹಿಡಿದಿದ್ದಳು. ಒಂದು ಕಾಲು ಮೆಟ್ಟಿಲ ಮೇಲಿತ್ತು. ಆಗ ಹಿತ್ತಲಿಂದ ಕೆಮ್ಮು ಕೇಳಿಸಿತು. ಒಣ ಕೆಮ್ಮಲ್ಲ, ಒಳಗೆ ಏನೋ ಕಟ್ಟಿಕೊಂಡ, ಗೊಳಗೊಳ ಎನ್ನುವ ಕೆಮ್ಮು. ಹೋದ ಚಳಿಗಾಲದಲ್ಲಿ ಆ ಸದ್ದನ್ನು ಅವಳು ಕೇಳಿದ್ದಳು; ಗಂಡ ಕುದುರೆಯ ಕತ್ತು ಸವರಿ ಸವರಿ ಅದನ್ನು ಬಿಡಿಸಿದ್ದನ್ನು ಕಿಟಕಿಯಿಂದ ನೋಡಿಯೂ ಇದ್ದಳು.

ಅವಳು ಕಾಲು ಕೆಳಗಿಟ್ಟಳು.

ಲಾಯದಲ್ಲಿ ಕುದುರೆ ಕತ್ತು ನೀಡಿ ನಿಂತಿತ್ತು. ಮೂಗಿನ ಎರಡೂ ಹೊಳ್ಳೆಗಳಿಂದ ಹಸಿರು ನೊರೆ ಇಳಿಯುತ್ತಿತ್ತು. ಮುಂದೆ ತೊಟ್ಟಿಯ ತುಂಬ ಒಳ್ಳೆಯ ಒಣಹುಲ್ಲು.

"ಯಾರು ಹಾಕಿದ್ದು ಇದನ್ನ?"

ಹಿಂದೆ ಓಡಿ ಬಂದ ಮಗನ ಮುಖ ಸಣ್ಣಗಾಯಿತು. "ನಾನೇ ಅಮ್ಮ. ಬೆಳಗಿನಿಂದ ಒದೀತಾ ಇತ್ತು. ಕೊನೇ ದಿನ, ಹೊಟ್ಟೆ ತುಂಬ ತಿಂದುಕೊಂಡು ಹೋಗಲಿ ಅಂತ..."

"ಹಲ್ಲೆಲ್ಲಿದೆಯೋ ಅದಕ್ಕೆ! ನಿಮ್ಮಪ್ಪ ಬೂಸ ನೆನೆಸಿ ಗಂಜಿ ಮಾಡಿ ಕೊಡ್ತಿದ್ದದ್ದು ನೋಡಿಲ್ವಾ? ಅಗಿಯೋಕಾಗದೆ ನುಂಗಿದೆ, ಗಂಟಲಿಗೆ ಕಟ್ಟಿದೆ. ತೆಗಿ ಹುಲ್ಲು, ನೀರಿನ ಬಕೆಟ್ಟೂ ತೆಗಿ!"

ಮಗ ತೋಳ್ತುಂಬ ಹುಲ್ಲು ಎತ್ತಿ ಹೊರಗೆಸೆದ. ಬಸ್ಸಿನ ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕು ಅವನು, ಕುದುರೆಯ ಮುಂದೆ ಮಾತ್ರ ಕೈಕಟ್ಟಿ ನಿಂತ. ದನದ ಡಾಕ್ಟರಿಗೆ ಫೋನ್ ಮಾಡಿದರೆ, ಬರುವುದು ಹೊತ್ತಾಗುತ್ತದೆ, ಅಲ್ಲಿಯವರೆಗೆ ತಲೆ ತಗ್ಗಿಸಿ ಇಟ್ಟುಕೊಳ್ಳಿ ಎಂದರು. ಅಷ್ಟು ಹೇಳುವ ಮೊದಲೇ ಹೊಲಿಗೆಯಮ್ಮ ತಲೆಹಗ್ಗ ಹಿಡಿದು ಕೆಳಕ್ಕೆಳೆದಿದ್ದಳು.

"ಅಮ್ಮಾ, ಅಲ್ಲಿ ಅಪ್ಪ ವ್ಯಾನಲ್ಲಿದಾರೆ. ಗುಂಡಿ ತೋಡಿದವರು ಕಾಯ್ತಿದಾರೆ."

"ನೀವು ಹೊರಡಿ."

"ನೀನಿಲ್ಲದೆ ಹೇಗಮ್ಮ? ಜನ ಏನಂತಾರೆ?"

"ಅನ್ನಲಿ. ಊಟಕ್ಕೆ ಬನ್ನಿ ಅಂತ ಕೂಗಿ ಕೂಗಿ, ಎಷ್ಟು ದಿನ ನಾನು ತಟ್ಟೆ ಮುಂದೆ ಕಾದಿಲ್ಲ? ಇವತ್ತೊಂದು ದಿನ ಅವರು ಮುಂದೆ ಹೋಗಲಿ."

ಹಿತ್ತಲ ಬೇಲಿಯ ಬಳಿ ಕಪ್ಪು ಬಟ್ಟೆಯವರ ಗುಂಪು ಸೇರಿತ್ತು. ಗಂಡನ ಮಣ್ಣಿಗೆ ಹೋಗದ ಹೆಂಗಸು ಎಂದು ಯಾರೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ನಡೀರಪ್ಪ, ನಡೀರಿ," ಎಂದ ಮೀಸೆಯಣ್ಣ. "ಇನ್ನೂ ಇಲ್ಲೇ ನಿಂತ್ರೆ ಪೆಟ್ಟಿಗೇಲಿರೋನೂ ಇಳಿದು ಲಾಯಕ್ಕೇ ಬರ್ತಾನೆ. ಅತ್ತಿಗೆ, ಎಡಗಡೆ ನೋಡಿ, ಕತ್ತಿನ ಎಡಗಡೆ—"

"ಗೊತ್ತು," ಎಂದಳು.

ಹಾಗೆಂದಮೇಲೆ ಅವಳೇ ಬೆಚ್ಚಿದಳು. ಗೊತ್ತಿತ್ತು. ಕೈಯಿಂದ ಮುಟ್ಟದಿದ್ದರೂ ಎಲ್ಲವೂ ಗೊತ್ತಿತ್ತು.

*

ವ್ಯಾನಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಅವಳು ಕುದುರೆಯ ಕತ್ತಿನ ಎಡಬದಿಯಲ್ಲಿ ಬೆರಳಾಡಿಸಿದಳು. ಗಂಟಲಿನ ಕೆಳಗೆ ಮುಷ್ಟಿಯಷ್ಟು ಗಂಟು ಸಿಕ್ಕಿತು. ಮೆಲ್ಲಗೆ, ಮೇಲಿನಿಂದ ಕೆಳಕ್ಕೆ ಸವರತೊಡಗಿದಳು. ಕುದುರೆ ನಡುಗಿತು.

"ಹೆದರಬೇಡ. ತಲೆ ಎತ್ತಬಾರದು. ಹೂಂ, ಹಾಗೇ. ಇನ್ನೊಂದು ಸಲ," ಎಂದು ಅವಳ ಬಾಯಿ ತಾನಾಗಿ ಆಡುತ್ತಿತ್ತು. ಮಾತು ಅವಳದಲ್ಲ, ಧ್ವನಿ ಮಾತ್ರ ಅವಳದು.

ಬೆವರಿ ಒದ್ದೆಯಾದ ಕಂಬಳಿಯನ್ನು ಅವಳು ಎತ್ತಿ ಬದಿಗಿಟ್ಟಳು. ಕಿಟಕಿಯಿಂದ ನೋಡಿದಾಗ ಅದು ಬರೀ ಕಂದು ಬಣ್ಣದ ಮೈ. ಹತ್ತಿರದಿಂದ ನೋಡಿದರೆ ಬೆನ್ನೆಲುಬು ಹಂಚಿನ ಮಾಡಿನ ಏಣಿನಂತೆ ಎದ್ದಿತ್ತು. ಉದುರದೆ ಗಂಟುಗಟ್ಟಿದ ಕೂದಲ ಕೆಳಗೆ ಹಕ್ಕಳೆ, ಹಕ್ಕಳೆಯ ನಡುವೆ ಹಸಿ ಗುಲಾಬಿ ಚರ್ಮ. ಪಕ್ಕೆಯ ಸಂದಿಯಲ್ಲಿ ಬೆರಳು ಹೂತು ಹೋಗುತ್ತಿತ್ತು. ದಿನವೂ ತಿಕ್ಕಿ, ತೊಳೆದು, ಉಣಿಸಿ ಅವನು ಇದನ್ನು ಗುಣಪಡಿಸುತ್ತಿದ್ದಾನೆಂದು ಅವಳು ತಿಳಿದಿದ್ದಳು; ಹೊಟ್ಟೆ ಉರಿದುಕೊಂಡಿದ್ದೂ ಅದಕ್ಕೇ. ಅವನು ಗುಣಪಡಿಸುತ್ತಿರಲಿಲ್ಲ. ಸೋಲುತ್ತಿದ್ದ. ದಿನಕ್ಕಿಷ್ಟು ಸೋತು, ಮನೆಯೊಳಗೆ ಬಂದು ಕೈತೊಳೆದು, ಅವಳ ಮೂದಲಿಕೆ ಕೇಳಿಕೊಂಡು ಉಣ್ಣುತ್ತಿದ್ದ.

ಅವಳು ಬೆನ್ನು ನೇರ ಮಾಡಿಕೊಳ್ಳಲು ತಲೆಯೆತ್ತಿದಳು. ಅವನು ನಿಲ್ಲುತ್ತಿದ್ದ ಜಾಗದಿಂದ ಕಿಟಕಿ ನೇರಕ್ಕೆ ಕಾಣುತ್ತಿತ್ತು. ಯಂತ್ರದ ಚಕ್ರ, ಕುರ್ಚಿಯ ಬೆನ್ನು, ಕೂತವರ ತಲೆಯಿಂದ ಸೊಂಟದವರೆಗೆ ಎಲ್ಲವೂ. ತಾನು ಕದ್ದು ನೋಡುತ್ತಿದ್ದೇನೆಂದು ಇಷ್ಟು ವರ್ಷ ತಿಳಿದಿದ್ದಳು. ಹಾಗಾದರೆ ಆ ಗಟ್ಟಿ ಮಾತೆಲ್ಲ ಯಾರಿಗೆ? ಕೇಳೋಣವೆಂದು ಬಾಯಿಗೆ "ರೀ" ಬಂದೇ ಬಿಟ್ಟಿತು.

ಆಗ ಕುದುರೆ ಮೈಯೆಲ್ಲ ಕುಲುಕಿ ಕೆಮ್ಮಿತು. ಬೆರಳ ಕೆಳಗಿನ ಗಂಟು ಜಾರಿತು. ಹಸಿರು ಲೋಳೆಯ ಮುದ್ದೆ ಅವಳ ಕಪ್ಪು ಬಟ್ಟೆಯ ಮೇಲೆ ಬಿತ್ತು. ಅವಳು ಅಲ್ಲೇ ಕುಸಿದು ಕೂತು, ಕುದುರೆಯ ಮುಂಗಾಲಿಗೆ ಹಣೆಯಿಟ್ಟು, ಅವತ್ತು ಮೊದಲ ಸಲ ಅತ್ತಳು.

*

ಲಾರಿ ಸಂಜೆಗೆ ಮೊದಲೇ ಬಂತು. ಮಣ್ಣಿಗೆ ಹೋದವರು ಇನ್ನೂ ಮರಳಿರಲಿಲ್ಲ. ಡ್ರೈವರು ಹಿತ್ತಲ ಗೇಟಿನಿಂದ ಇಣುಕಿದ.

"ಅಮ್ಮಾ, ಕುದುರೆ ಇರೋ ಮನೆ ಇದೇನಾ?"

"ಹೌದು."

"ಮನೆಯವರು ಫೋನ್ ಮಾಡಿದ್ರು, ಬನ್ನಿ ಅಂತ."

"ಮನೆಯವರು ಇಲ್ಲ."

"ಎಲ್ಲಿಗೆ ಹೋಗಿದಾರೆ?"

"ಹೊರಗೆ ಹೋಗಿದಾರೆ."

"ಬರೋದು ಎಷ್ಟು ಹೊತ್ತಾಗುತ್ತೆ?"

"ಹೇಳಿ ಹೋಗಿಲ್ಲ."

ಡ್ರೈವರು ಅವಳ ಬಟ್ಟೆಯನ್ನೂ ಕುದುರೆಯನ್ನೂ ನೋಡಿದ. ಕೆಟ್ಟವನಲ್ಲ. "ಹಾಗಾದ್ರೆ ಕಾಯ್ಲಾ?"

"ಬೇಡಪ್ಪ. ಅವರನ್ನ ಕೇಳದೆ ನಾನು ಕೊಡೋ ಹಾಗಿಲ್ಲ. ಬಂದ ಮೇಲೆ ಹೇಳಿ ಕಳಿಸ್ತೀನಿ."

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಈ ಚಳಿಗಾಲ ದಾಟೋದಿಲ್ಲ."

"ಅದನ್ನೂ ಅವರಿಗೇ ಹೇಳ್ತೀನಿ," ಎಂದಳು.

ಲಾರಿ ಸಣ್ಣ ಬೀದಿಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಕೊಂಡು ಹೋಯಿತು.

ಡಾಕ್ಟರು ಬಂದು, ಗಂಟಲು ಸವರಿ ನೋಡಿ, ಇನ್ನೊಂದಿಷ್ಟು ಹೊತ್ತು ಬಿಟ್ಟು ತೆಳ್ಳಗೆ ಗಂಜಿ ಕೊಡಿ ಎಂದು ಹೇಳಿ ಹೋದರು. ಮಗ, ಸೊಸೆ, ಮೀಸೆಯಣ್ಣ ಕಾಲಿಗೆ ಹಸಿಮಣ್ಣು ಮೆತ್ತಿಕೊಂಡು ಹಿಂದಿರುಗಿದಾಗ ಹೊತ್ತು ಮುಳುಗುತ್ತಿತ್ತು. ಲಾರಿ ಬಂದಿತ್ತಾ ಎಂದು ಕೇಳಲು ಮಗ ಹಿತ್ತಲಿಗೆ ಬಂದ, ಬಂದವನು ಕೇಳದೆ ನಿಂತ. ಅಮ್ಮ ತೋಳು ಮೇಲೇರಿಸಿ, ಮೊಣಕೈವರೆಗೆ ಬಕೆಟ್ಟಿನಲ್ಲಿ ಕೈಯಾಡಿಸುತ್ತ, ನೆನೆದ ಬೂಸದ ಗಂಟುಗಳನ್ನು ಒಂದೊಂದಾಗಿ ಹಿಸುಕಿ ಒಡೆಯುತ್ತಿದ್ದಳು. ಕುದುರೆ ಒಂದು ಗುಟುಕು ಹೀರುವುದು, ತಲೆಯೆತ್ತುವುದು. ಗಂಜಿ ತೊಟ್ಟಿಕ್ಕುವ ತುಟಿಯಲ್ಲಿ ಅವಳ ಹೆಗಲ ಮೇಲಿಂದ ಗೇಟಿನ ಕಡೆ ನೋಡುವುದು. ಅದು ನೋಡುವಷ್ಟು ಹೊತ್ತು ಅವಳೂ ಕೈ ನಿಲ್ಲಿಸಿ ಕಾಯುವಳು, ಆಮೇಲೆ ಬಕೆಟ್ಟನ್ನು ಅದರ ಬಾಯಿಗೆ ಹಿಡಿಯುವಳು.

ಆ ಚಳಿಗಾಲವನ್ನು ಅದು ದಾಟಿತೇ ಎಂದು ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.